ಮೆಣಸು ಕಲ್ಲಾದ ಬೆಳಿಗ್ಗೆ

ಒಂದು ಮನೆಗೆ ಫ್ರಿಜ್ ಬಂದರೆ ಅದು ಇಡೀ ಕೇರಿಯ ಫ್ರಿಜ್ ಆಗುತ್ತಿದ್ದ ಕಾಲ ಅದು, ಅರುವತ್ತರ ದಶಕ. ಕಟಪಾಡಿಯ ನಮ್ಮ ಊಟದ ಕೋಣೆಯಲ್ಲಿ, ಬಹ್ರೈನಿನಿಂದ ಪಪ್ಪ ಕಳಿಸಿದ ಬಿಳಿ ಪೆಟ್ಟಿಗೆ ಗುಂಯ್ ಅನ್ನುತ್ತಾ ನಿಂತಿತ್ತು. ಅದರ ಮೇಲಿನ ಶೆಲ್ಫಿನಲ್ಲಿ ಪಕ್ಕದ ಮನೆಯ ಭಟ್ ಮಾಸ್ಟ್ರ ಇನ್ಸುಲಿನ್ ಬಾಟ್ಲಿ. ದಿನಾ ಏಳಕ್ಕೆ ಅವರ ಹೆಂಡತಿ ರುಕ್ಮಿಣಿಯಕ್ಕ ಹಿಂಬಾಗಿಲಲ್ಲಿ ನಿಂತು, "ಬಾಯಮ್ಮ, ಮದ್ದು ಕೊಡಿ. ನಿಮ್ಮ ಬಂಗುಡೆ ಮೀನು ತಾಗಲಿಲ್ಲ ಅಲ್ವಾ?" ಅಂತ ಕೇಳುವರು.

"ತಾಗಿದ್ದು ನಿಮ್ಮ ಮದ್ದು. ನಮ್ಮ ಬಂಗುಡೆಗೀಗ ಶುಗರೇ ಇಲ್ಲ," ಅಂತ ನಾವು ಮಾಯ್ ಎಂದು ಕರೆಯುವ ನನ್ನ ಅಮ್ಮ ನಗುವಳು.

ಆ ಮೇ ತಿಂಗಳು ಹಿತ್ತಿಲಿನಲ್ಲಿ ಗಿಡ ಬಾಗುವಷ್ಟು ಕಾಯಿಮೆಣಸು, ಹಸಿಮೆಣಸಿನಕಾಯಿ. ಮಳೆ ಹಿಡಿದರೆ ಎಲ್ಲ ಕೊಳೆಯುವುದೇ. ಫ್ರೀಜರಿನಲ್ಲಿಟ್ಟರೆ ಕ್ರಿಸ್ಮಸ್‌ವರೆಗೂ ಪರ್ಫೆಕ್ಟ್, ಆದರೆ ಒಂದು ಡ್ರಾಪ್ ನೀರು ಇರಬಾರದು ಅಂತ ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಹತ್ತು ವರ್ಷದ ನಾನು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿದೆ. ಬೆರಳು ಉರಿ, ಮೂಗು ಮುಟ್ಟಿ ಮೂಗೂ ಉರಿ. ಬಿಸ್ಕತ್ತಿನ ಡಬ್ಬಿಗೆ ತುಂಬಿಸಿ ಇಟ್ಟೆವು. ಮರುದಿನ ಸಂಜೆಗೂ ಮೆಣಸು ಮೆತ್ತಗೆ! ಮಾಯ್ ಬಾವಿಕಟ್ಟೆಯಲ್ಲಿದ್ದಾಗ, ನಾನು ಮುಟ್ಟಲೇಬಾರದ, ಫ್ರಿಜ್ಜಿನ ತಂಪು ಏರಿಸುವ ಗುಂಡಿಯನ್ನು ಎರಡರಿಂದ ಏಳಕ್ಕೆ ತಿರುಗಿಸಿದೆ.

ಬೆಳಿಗ್ಗೆ ಡಬ್ಬಿ ಅಲ್ಲಾಡಿಸಿದರೆ ಕಲ್ಲಿನ ಸದ್ದು. ಖುಷಿಯೋ ಖುಷಿ. ಗುಂಡಿ ಹಿಂದೆ ತಿರುಗಿಸುವಾಗ ಕಂಡಿತು: ಮಾಸ್ಟ್ರ ಬಾಟ್ಲಿಯೊಳಗೆ ಬಿಳಿ ಗಡ್ಡೆ. "ಐಸ್ ಆದರೆ ಬಿಸಾಡಬೇಕಂತೆ, ಚುಚ್ಚಲೇಬಾರದಂತೆ," ಅಂತ ರುಕ್ಮಿಣಿಯಕ್ಕ ಎಷ್ಟು ಸಲ ಹೇಳಿದ್ದರು! ಬಾಟ್ಲಿಯನ್ನು ಕಂಕುಳಲ್ಲಿ ಒತ್ತಿ ಹಿಡಿದೆ. ಕರಗಿತು. ನೋಡಿದರೆ ಮೊದಲಿನ ಹಾಗೇ. ಅಲ್ಲೇ ಇಟ್ಟೆ. ಶನಿವಾರ ಚರ್ಚಿನಲ್ಲಿ ಕನ್ಫೆಶನ್ ಉಂಟಲ್ಲ, ಮಾಡಿದ ತಪ್ಪನ್ನು ಫಾದರಿಗೆ ಹೇಳಿದರಾಯಿತು ಅಂದುಕೊಂಡೆ.

"ಬಾಯಮ್ಮ, ಮದ್ದು."

ಮಾಯ್ ಕೊಟ್ಟಳು. ರುಕ್ಮಿಣಿಯಕ್ಕ ಬೇಲಿ ದಾಟಿದರು. ಶನಿವಾರದ ಒಳಗೆ ಮಾಸ್ಟ್ರು ಸತ್ತೇ ಹೋದರೆ?

ಓಡಿದೆ. ಆ ಮನೆಯಲ್ಲಿ ನಾವು ಜಗಲಿ ದಾಟುವ ಕ್ರಮ ಇರಲಿಲ್ಲ. ಆ ದಿನ ಜಗಲಿ, ಚಾವಡಿ, ದೇವರ ಕೋಣೆಯ ಎದುರು, ಸೀದಾ ಅಡುಗೆಮನೆ.

"ಅಯ್ಯಯ್ಯೋ, ಎಂತ ಮಾರಾಯ್ತಿ, ಒಳಗೇ ಬಂದ್ಯಾ!" ಅಂದರು ರುಕ್ಮಿಣಿಯಕ್ಕ.

ಮಾಸ್ಟ್ರು ಪಂಚೆ ಸರಿಸಿ ತೊಡೆ ಒರೆಸುತ್ತಿದ್ದರು. ಗಾಜಿನ ಸಿರಿಂಜು ತುಂಬಿತ್ತು.

"ಹಾಕ್ಬೇಡಿ ಮಾಸ್ಟ್ರೆ! ಅದು ಐಸ್ ಆಗಿತ್ತು. ನಾನೇ ಮಾಡಿದ್ದು."

ಅವರು ನನ್ನನ್ನೇ ನೋಡಿದರು. ಆಮೇಲೆ ಕಿಟಕಿಯಿಂದಾಚೆ ಸಿರಿಂಜು ಖಾಲಿ ಮಾಡಿದರು.

ಹಿಂದೆಯೇ ಬಂದ ಮಾಯ್ ಜಗಲಿಯಿಂದಲೇ ಎಲ್ಲ ಕೇಳಿಸಿಕೊಂಡು, ನಾನು ಹೊರಬಂದದ್ದೇ ಕೆನ್ನೆಗೊಂದು ಕೊಟ್ಟು, ಹೊಸ ಬಾಟ್ಲಿ ತರಲು ಉಡುಪಿಯ ಬಸ್ಸಿಗೆ ಓಡಿದಳು. ನಾನು ಜಗಲಿಯ ಮೂಲೆಗೆ ಸರಿದೆ.

"ಒಳಗೆ ಬಂದಾಯಿತಲ್ಲ, ಇಲ್ಲೇ ಕೂತ್ಕೋ," ಅಂದರು ಮಾಸ್ಟ್ರು. "ನೆಲ ನಾಳೆ ತೊಳೆಯುವ."

ಮದ್ದು ಬಾರದೆ ಅವರು ಉಣ್ಣುವಂತಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದ್ದರು, ತುಟಿ ಒಣಗಿತ್ತು. ಪ್ರತಿ ಬಸ್ಸಿನ ಹಾರ್ನಿಗೂ ರುಕ್ಮಿಣಿಯಕ್ಕ ಗೇಟಿಗೆ ಹೋಗಿ ಬರುವರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹನ್ನೊಂದೂವರೆಗೆ ಮಾಯ್ ಬಂದಳು, ಬಾಟ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು. ಮಾಸ್ಟ್ರು ಚುಚ್ಚಿಕೊಂಡರು, ಸ್ವಲ್ಪ ಹೊತ್ತು ಬಿಟ್ಟು ಎರಡು ಇಡ್ಲಿ ತಿಂದರು. ನಾನು ಅತ್ತದ್ದು ಆಗ.

ಈಗ ನನ್ನ ಫ್ರೀಜರಿನಲ್ಲಿ ವರ್ಷವಿಡೀ ಮೆಣಸು ಉಂಟು, ಫ್ರಿಜ್ ಮನೆಮನೆಯಲ್ಲೂ ಉಂಟು. ಪಕ್ಕದ ಮನೆಯವರ ಹೆಸರನ್ನು ಗೇಟಿನ ಬೋರ್ಡಿನಲ್ಲಿ ಓದಿದ್ದೇನೆ. ವೆರಿ ನೈಸ್ ಪೀಪಲ್, ಕೈ ಬೀಸುತ್ತಾರೆ. ಅವರಲ್ಲಿ ಯಾರಿಗೆ ಯಾವ ಕಾಯಿಲೆ ಅಂತ ನನಗೆ ಗೊತ್ತಿಲ್ಲ.