ಗುಡ್ಡದ ತಿರುವಿನ ಮುಳ್ಳು
ಚಂದ್ರಂಪಳ್ಳಿ ಡ್ಯಾಮ್ ನೋಡಲು ಬಂದವರು ಯಾರೇ ಇರಲಿ, ಪಕ್ಕದ ಗುಡ್ಡ ಹತ್ತಿಸದೆ ಭೀಮಶ್ಯಾ ಕಾಕಾ ಬಿಡುವುದಿಲ್ಲ. ಕಾರಿನಿಂದ ಇಳಿಯುವುದೇ ತಡ, "ಬರ್ರಿ, ಇಲ್ಲೇ ಅದ. ಬಾಯಾಗಿನ ಎಲಿಅಡಿಕಿ ಮುಗಿಯೂದ್ರಾಗ ತುದಿಗಿ ಇರ್ತೀವಿ" ಎನ್ನುತ್ತಾರೆ. ದಾರಿಯನ್ನು ತಾವೇ ಕಡಿದು ಹಾಸಿದವರಂತೆ ಹೊಗಳುತ್ತಾರೆ. ತಂಗಾಳಿ ಬೀಸಿದರೆ, ಮನೆಯಿಂದ ಕಟ್ಟಿಸಿಕೊಂಡು ತಂದವರ ಹಾಗೆ "ಹೆಂಗದ?" ಎಂದು ತಿರುಗಿ ನೋಡುತ್ತಾರೆ. ಮೋಡ ಕವಿದು ನೀರು ಮಂಕಾಗಿ ಕಂಡರೆ ಮಾಫಿ ಕೇಳುತ್ತಾರೆ. ಅರ್ಧ ದಾರಿಯ ತಿರುವಿನಲ್ಲಿ ಮಾತ್ರ ಅವರ ಕಾಲಿಗೆ ತಪ್ಪದೆ ಒಂದು ಮುಳ್ಳು ಚುಚ್ಚುತ್ತದೆ. "ತಡೀರಿ, ಮುಳ್ಳು ಹೊಕ್ತು" ಎಂದು ಬಂಡೆಯ ಮೇಲೆ ಕುಳಿತು, ಇಲ್ಲದ ಮುಳ್ಳನ್ನು ಹುಡುಕುತ್ತಾರೆ. ಹಿಂದೆ ಏದುಸಿರು ಬಿಡುತ್ತ ಬಂದವರ ದಣಿವಾರಿದ ಮೇಲೆಯೇ ಅದು ಸಿಗುವುದು. ದಣಿದೆ ಎಂದು ಬಾಯಿಬಿಟ್ಟು ಹೇಳುವ ಸಂಕೋಚ ಯಾರಿಗೂ ಬರಬಾರದೆಂಬುದು ಅವರ ಪದ್ಧತಿ. ಮೊನ್ನೆ ಬೀಗರ ಜೊತೆ ಮಗಳು ಲುಂಬಿನಿಯೂ ಬಂದಿದ್ದಳು. ಜ್ವರದಿಂದ ಆಗಷ್ಟೇ ಎದ್ದಿದ್ದ ಕಾಕಾ, ಬೀಗರ ಮುಂದೆ ಗುಡ್ಡವನ್ನು ಹೊಗಳುತ್ತಲೇ ಹತ್ತಿದರು. ತಿರುವು ಇನ್ನೂ ದೂರವಿರುವಾಗಲೇ ಮಾತು ನಿಂತಿತು, ಎದೆ ತಿದಿಯಂತೆ ಏರಿಳಿಯತೊಡಗಿತು. ಆದರೂ ಅವರು ನಿಲ್ಲಲಿಲ್ಲ. ಆಗ ಹಿಂದಿನಿಂದ ಲುಂಬಿನಿ, "ಅಪ್ಪಾ, ಜರಾ ತಡಿ, ಕಾಲಾಗ ಮುಳ್ಳು ಹೊಕ್ತು" ಎಂದು ದಾರಿಯಲ್ಲೇ ಕುಳಿತುಬಿಟ್ಟಳು. ಅವಳು ದಪ್ಪ ಅಟ್ಟೆಯ ಬೂಟು ಹಾಕಿದ್ದಳು. ಕಾಕಾ ಬೂಟನ್ನೊಮ್ಮೆ ನೋಡಿದರು, ಮಗಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅವಳ ಪಕ್ಕದಲ್ಲೇ ಕುಳಿತು, "ಸಾವಕಾಶ ತಗಿಯವ್ವಾ, ಭಾಳ ಆಳಕ್ಕ ಹೋಗ್ಯದ" ಎಂದರು.