ಅಂಟು ಕಚ್ಚಿ ನೋಡುವ ಹಲ್ಲು

ಗೋಕಾಕದಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ಆಗ ಹತ್ತೊಂಬತ್ತನೆಯ ವರ್ಷ. ಮಂಗಳವಾರ ಮಧ್ಯಾಹ್ನ ಮೂಡಲಗಿ, ಶುಕ್ರವಾರ ಹುಕ್ಕೇರಿ, ಉಳಿದ ದಿನ ಗೋಕಾಕ. ಬಗ್ಗಿ ಬಗ್ಗಿ ಬೆನ್ನು ಹೋಗಿತ್ತು, ಉತ್ಸಾಹವೂ ಬತ್ತಿತ್ತು. ಆ ಬೇಸರದಲ್ಲೇ ಒಂದು ಇಂಟ್ರಾಓರಲ್ ಸ್ಕ್ಯಾನರ್ ಕೊಂಡೆ. ಬಾಯೊಳಗೆ ಆಡಿಸುವ ಸಣ್ಣ ಕ್ಯಾಮೆರಾ ಅದು. ಹಲ್ಲಿನ ಅಚ್ಚು ಕಂಪ್ಯೂಟರಿನಲ್ಲೇ ಮೂಡುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೇ, ಎಲ್ಲರ ಬಾಯಿಗೂ ಅದನ್ನೇ ಇಟ್ಟೆ.

ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಮೇಲೆ ಎಲ್ಲಿ ಕೂರುತ್ತದೆ ಎಂದು ಗುರುತಿಸಿಕೊಳ್ಳುವುದಕ್ಕೆ ನಾವು ಬೈಟ್ ರಿಜಿಸ್ಟ್ರೇಷನ್ ಎನ್ನುತ್ತೇವೆ. ಮೊದಲು ಮೆತ್ತನೆಯ ಮೇಣ ಕಚ್ಚಿಸುತ್ತಿದ್ದೆವು. ಸ್ಕ್ಯಾನರ್ ಆದರೆ ಹಲ್ಲು ಕೂಡಿಸಿದಾಗ ಕೆನ್ನೆಯ ಕಡೆಯಿಂದ ಚಿತ್ರ ತೆಗೆದು ಎರಡೂ ಅಚ್ಚುಗಳನ್ನು ಜೋಡಿಸುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ರೋಗಿ ಆ ಗಳಿಗೆಯಲ್ಲಿ ಕಚ್ಚಿದ್ದಷ್ಟೇ. ತಪ್ಪು ಕಚ್ಚಿದರೆ ಆ ತಪ್ಪನ್ನೇ ಕರಾರುವಾಕ್ಕಾಗಿ ದಾಖಲಿಸುತ್ತದೆ.

ಶಾಂತವ್ವ ಕಲ್ಲೋಳಿ ಊರಿನವರು. ದಿನಾ ಬಸ್ಸು ಹಿಡಿದು ಗೋಕಾಕಕ್ಕೆ ಬಂದು, ಕರದಂಟು ಮಿಠಾಯಿ ಮಾಡುವ ಒಂದು ಮನೆಯಲ್ಲಿ ಇಪ್ಪತ್ತೆರಡು ವರ್ಷ ಒಲೆಯ ಮುಂದೆ ಕೂತವರು. ಅದಕ್ಕೆ ಹಾಕುವ ಅಂಟು, ಅಂದರೆ ತಿನ್ನುವ ಗೋಂದು, ತುಪ್ಪದಲ್ಲಿ ಒಳಗಿನ ತನಕ ಅರಳಿದೆಯೋ ಇಲ್ಲವೋ ಎಂದು ಅವರು ಬಲಗಡೆಯ ದವಡೆಯಲ್ಲಿ ಕಚ್ಚಿ ಹೇಳುತ್ತಿದ್ದರು. ಅವರು "ಹೂಂ" ಅಂದ ಮೇಲೆಯೇ ಅಂಟು ಬೆಲ್ಲದ ಪಾಕಕ್ಕೆ ಬೀಳುತ್ತಿತ್ತು. ಅದೇ ಬಲದವಡೆಯ ಕೆಳಗಿನ ಹಲ್ಲಿಗೆ ಕ್ಯಾಪ್ ಬೇಕಾಗಿತ್ತು.

ಅವತ್ತು ಮಂಗಳವಾರ. ಮೂರು ಗಂಟೆಗೆ ಮೂಡಲಗಿಯಲ್ಲಿರಬೇಕು, ಹೊರಗೆ ಬೆಂಚು ತುಂಬಿತ್ತು. ಇಂಜೆಕ್ಷನ್ ಕೊಟ್ಟು ಹಲ್ಲು ಕೊರೆದೆ. ಅರ್ಧ ಬಾಯಿ ಜೋಮು ಹಿಡಿದಿದ್ದಾಗಲೇ, ಮಲಗಿಸಿದಂತೆಯೇ ಕಚ್ಚಲು ಹೇಳಿ, ಒಂದೇ ಬದಿ ಸ್ಕ್ಯಾನ್ ಮಾಡಿದೆ. ಎಲ್ಲಿ ಕಚ್ಚುತ್ತಿದ್ದೇನೆಂದು ಅವರಿಗೇ ತಿಳಿಯುವಂತಿರಲಿಲ್ಲ. ಪರದೆಯ ಮೇಲೆ ಚಿತ್ರ ಮಾತ್ರ ಬಲು ಚೆನ್ನಾಗಿ ಬಂತು.

ವಾರದ ಮೇಲೆ ಕ್ಯಾಪ್ ಕೂರಿಸಿದೆ. ಬಣ್ಣದ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಎತ್ತರದ ಚುಕ್ಕೆಯೊಂದನ್ನು ಉಜ್ಜಿ ತಗ್ಗಿಸಿದೆ.

"ಇನ್ನೂ ಎತ್ತರ ಅನಸ್ತೈತ್ರಿ ಸಾಹೇಬ್ರ," ಅಂದರು.

ನಾನು ಪರದೆ ನೋಡಿದೆ. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. "ಎರಡ ದಿನ ತಡೀರಿ, ರೂಢಿ ಆಗತೈತಿ," ಎಂದು ಕಳಿಸಿದೆ. ನಮ್ಮ ಕಡೆಯ ಜನ ಡಾಕ್ಟರಿಗೆ ಎದುರಾಡುವುದಿಲ್ಲ. ಅವರು ಕೈಮುಗಿದು ಹೋದರು.

ಬಂದದ್ದು ಮೂರು ವಾರದ ನಂತರ, ಕಿವಿಯ ಬಳಿ ಕೈ ಹಿಡಿದುಕೊಂಡು. ಬಲಗಡೆ ಕಚ್ಚಿದರೆ ನೆತ್ತಿಗೆ ನೋವು. ಎಡಗಡೆಯ ಹಲ್ಲಿಗೆ ಅಂಟಿನ ಹದ ತಿಳಿಯದು. ಅಂದಾಜಿನ ಮೇಲೆ "ಹೂಂ" ಅಂದು ಎರಡು ಬಾಣಲೆ ಕೆಟ್ಟವಂತೆ. ಅರಳದ ಅಂಟು ಗಿರಾಕಿಗಳ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಮಾಲೀಕರು ಅವರನ್ನು ಡಬ್ಬಿ ತುಂಬುವ ಕೆಲಸಕ್ಕೆ ಹಾಕಿದ್ದರು.

"ನಾ ಅವತ್ತ ಹೇಳಿದ್ನಲ್ರಿ," ಅಂದರು ಶಾಂತವ್ವ. ಸಿಟ್ಟಿರಲಿಲ್ಲ. "ನೀವ್ ಟಿವಿ ಕಡೆ ನೋಡಾಕತ್ತಿದ್ರಿ."

ನಾಚಿಕೆಯಾಯಿತು. ಕ್ಯಾಪ್ ಒಡೆದು ತೆಗೆದೆ. ಇಂಜೆಕ್ಷನ್ ಇಲ್ಲದೆ, ನೆಟ್ಟಗೆ ಕೂರಿಸಿ, ಎರಡೂ ಬದಿ ಕಚ್ಚಿಸಿ ಸ್ಕ್ಯಾನ್ ಮಾಡಿದೆ; ಕಪಾಟಿನಿಂದ ಮೇಣವನ್ನೂ ತೆಗೆದು ತಾಳೆ ನೋಡಿದೆ. ಹಳೆಯ ಸ್ಕ್ಯಾನಿನಲ್ಲಿ ದವಡೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಕ್ಯಾಪ್ ಎತ್ತರವಾಗಲು ಅಷ್ಟು ಸಾಕು.

ಹೊಸ ಕ್ಯಾಪ್ ಹಾಕಿದ ದಿನ ಅವರು ಸೆರಗಿನ ಗಂಟಿನಿಂದ ಹುರಿದ ಅಂಟಿನ ತುಣುಕು ತೆಗೆದು ಕಚ್ಚಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಕಚ್ಚಿದರು. "ಬರೋಬ್ಬರಿ ಕುಂತೈತ್ರಿ," ಅಂದರು.

ಮರುದಿನ ನಾನೇ ಮಾಲೀಕರ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅವರು ಚಹಾ ತರಿಸಿದರು. "ಈಗ ಮತ್ತೊಬ್ಬಾಕಿ ಕುಂತಾಳ್ರಿ ಒಲಿ ಮುಂದ. ಆಕಿನ್ನ ಹೆಂಗ್ ಎಬ್ಬಸ್ಲಿ, ನೀವ ಹೇಳ್ರಿ?" ಅಂದರು. ಒಳಗೆ ಶಾಂತವ್ವ ತಲೆ ತಗ್ಗಿಸಿ ಡಬ್ಬಿ ತುಂಬುತ್ತಿದ್ದರು.

ಸ್ಕ್ಯಾನರ್ ಈಗಲೂ ಇದೆ, ಒಳ್ಳೆಯ ಯಂತ್ರವೇ. ಇಂಜೆಕ್ಷನ್‌ಗೆ ಮೊದಲೇ ಕಚ್ಚಿಸುತ್ತೇನೆ. ರೋಗಿ "ಎತ್ತರ ಐತ್ರಿ" ಅಂದರೆ ಪರದೆಯತ್ತ ತಿರುಗುವುದಿಲ್ಲ. ನಾನು ಕಲಿತ ಈ ಪಾಠಕ್ಕೆ ಬೆಲೆ ತೆತ್ತವರು ಮಾತ್ರ ಶಾಂತವ್ವ.