ಕುಡಿ ಮುರಿಯದ ಗಿಡ

ನಾನು ಸೆಕೆಂಡ್ ಪಿಯುಸಿಯಲ್ಲಿ ಜೀವಶಾಸ್ತ್ರದಲ್ಲಿ ಫೇಲಾದವಳು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ ತಮ್ಮ ಮಕ್ಕಳ ಅಂಕಗಳನ್ನು ಬಡಿಸತೊಡಗಿದರೆ ನಾನೇ ಮುಂದಾಗಿ ಈ ಮಾತು ಹೇಳುತ್ತೇನೆ. ಅನ್ನ ಸಾರು ಕಲಸುವ ಕೈಗಳು ಒಂದು ಗಳಿಗೆ ನಿಲ್ಲುತ್ತವೆ. ನಿಲ್ಲಲಿ ಬಿಡಿ.

ಆ ವರ್ಷ ಫೇಲಾದವರು ನಾವಿಬ್ಬರು, ನಾನು ಮತ್ತು ನನ್ನ ಸೋದರತ್ತೆಯ ಮಗಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿರಿಯಾಪಟ್ಟಣದ ಕಡೆಯ ಹಳ್ಳಿ ನಮ್ಮದು. ಅತ್ತೆಯನ್ನು ಊರೊಳಗೇ ಕೊಟ್ಟಿದ್ದರಿಂದ ಎರಡು ಮನೆಗೂ ನಡುವೆ ಒಂದು ಓಣಿ ಅಷ್ಟೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಹುಣಸೂರಿನ ಕಾಲೇಜಿಗೆ ಹೋಗಿ ಬರುತ್ತಿದ್ದೆವು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿದವರು. ಉಳಿದ ಪೇಪರುಗಳಲ್ಲಿ ಹೇಗೋ ದಡ ಸೇರಿದೆವು. ಜೀವಶಾಸ್ತ್ರದಲ್ಲಿ ಮುಳುಗಿದೆವು.

ಮುಳುಗಿದ್ದಕ್ಕಿಂತ ಹೆಚ್ಚು ಉರಿದದ್ದು ಪ್ರಾಕ್ಟಿಕಲ್ ದಿನ ನಡೆದ ಸಂಗತಿ. ಮೇಜಿನ ಮೇಲೆ ಸಾಲಾಗಿ ಇಟ್ಟ ವಸ್ತುಗಳನ್ನು ನೋಡಿ ಹೆಸರು ಬರೆಯಬೇಕಿತ್ತು. ಒಂದು ಬಾಟಲಿಯಲ್ಲಿ ಉದ್ದ ಕೊಳವೆಯಂಥ ಹೂವಿತ್ತು. ನಾನು ದತ್ತೂರಿ ಎಂದು ಬರೆದೆ. ಅವಳು ಯಾವುದೋ ಮಲ್ಲಿಗೆ ಎಂದು ಬರೆದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಮ್ಮಿಬ್ಬರ ಹಾಳೆಯನ್ನೂ ನೋಡಿ, "ಯಾವೂರಮ್ಮ ನಿಮ್ದು? ಮನೇಲಿ ಏನು ಬೆಳೀತೀರಿ?" ಎಂದು ಕೇಳಿದರು.

"ಹೊಗೆಸೊಪ್ಪು ಸಾರ್."

ಅವರು ನಗಲು ಶುರುಮಾಡಿದರು. ಅದು ಹೊಗೆಸೊಪ್ಪಿನ ಹೂವಾಗಿತ್ತು. ಪಕ್ಕದ ಮೇಜಿನವರನ್ನೂ ಕರೆದು ಹೇಳಿ ನಗಿಸಿದರು. ನಮ್ಮ ಉಪನ್ಯಾಸಕರೂ ಜೊತೆಗೆ ನಕ್ಕು, "ಸೊಪ್ಪು ಕಟ್ಟೋಕ್ಕೂ ಲಾಯಕ್ಕಿಲ್ಲ ಇವು" ಅಂದರು.

ಯಾರೂ ಕೇಳದ ಒಂದು ಪ್ರಶ್ನೆಯಿದೆ, ಅದಕ್ಕೆ ಈಗ ಉತ್ತರ ಹೇಳುತ್ತೇನೆ. ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲಿ ಹೊಗೆಸೊಪ್ಪಿನ ಹೂ ಅರಳುವುದಿಲ್ಲ. ಅರಳಲು ನಾವು ಬಿಡುವುದಿಲ್ಲ. ಗಿಡ ಮೊಗ್ಗು ತೋರಿಸಿದ ಕೂಡಲೇ ಕುಡಿ ಮುರಿಯಬೇಕು, ಇಲ್ಲದಿದ್ದರೆ ಸಾರವೆಲ್ಲ ಹೂವಿಗೆ ಹೋಗಿ ಎಲೆ ತೂಕ ಬರುವುದಿಲ್ಲ. ಏಳನೇ ವಯಸ್ಸಿನಿಂದ ಸಾವಿರಾರು ಕುಡಿ ಮುರಿದ ಕೈ ನಮ್ಮದು. ಆ ಕೈಗೆ ಹೂ ಹೇಗೆ ಗೊತ್ತಿರಬೇಕು? ಎಲೆಯ ಚೂರು ಕೊಟ್ಟಿದ್ದರೆ ಅದು ಗಿಡದ ಎಷ್ಟನೇ ಎಲೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆವು. ಅದನ್ನು ಯಾವ ಪರೀಕ್ಷಕನೂ ಕೇಳಲಿಲ್ಲ.

ಫಲಿತಾಂಶ ಬಂದ ದಿನ ಇಬ್ಬರು ಅಪ್ಪಂದಿರೂ ನಮ್ಮ ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದರು. ಅಕ್ಟೋಬರಿನಲ್ಲಿ ಇನ್ನೊಂದು ಸಲ ಕಟ್ಟಬಹುದು. ಆಗಲೂ ಫೇಲಾದರೆ ಓದು ಅಲ್ಲಿಗೆ ಮುಗಿಯಿತು, ಯಾರು ಫೇಲಾದರೂ ಅಷ್ಟೇ. ಅವಳ ಅಪ್ಪ, "ಪುಸ್ತಕ ಬ್ಯಾರನ್ ಒಲೆಗೆ ಆಕೋದೇಯ" ಎಂದು ಸೇರಿಸಿದರು. ಬ್ಯಾರನ್ ಎಂದರೆ ಸೊಪ್ಪನ್ನು ಬಿಸಿಗೆ ಹದ ಮಾಡುವ ಎತ್ತರದ ಕೋಣೆ. ಅದರ ಒಲೆಗೆ ಮರದ ದಿಮ್ಮಿಗಳೇ ಸಾಲುತ್ತಿರಲಿಲ್ಲ, ಪುಸ್ತಕ ಯಾವ ಲೆಕ್ಕ.

ಅಕ್ಟೋಬರ್ ಪರೀಕ್ಷೆ ಎಂದರೆ ಓದುವ ಕಾಲ ಸೊಪ್ಪು ಮುರಿಯುವ ಕಾಲವೇ. ಬೆಳಗಾದರೆ ಹೊಲ, ಬಿಸಿಲೇರಿದರೆ ಬ್ಯಾರನ್ ಮುಂದಿನ ಚಪ್ಪರದಲ್ಲಿ ಕೂತು ಎಲೆಗಳನ್ನು ಜೋಡಿಸಿ ಕಡ್ಡಿಗೆ ಕಟ್ಟುವುದು. ಓದಲು ಬೇರೆ ಹೊತ್ತೇ ಇಲ್ಲ. ಹಾಗಾಗಿ ಕಟ್ಟುತ್ತಲೇ ಓದಲು ನಿಶ್ಚಯಿಸಿದೆವು. ಪುಸ್ತಕವನ್ನು ನಾನೇ ಸರಿಯಾಗಿ ಎರಡು ಭಾಗ ಮಾಡಿ ಹರಿದೆ. ಸಸ್ಯದ್ದು ನನಗೆ, ಪ್ರಾಣಿ ಮತ್ತು ಮನುಷ್ಯನ ದೇಹದ್ದು ಅವಳಿಗೆ. ಅವರವರ ಭಾಗ ಅವರು ಓದಿ ಇನ್ನೊಬ್ಬರಿಗೆ ಹೇಳಿಕೊಡಬೇಕು. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಪ್ಪಗಾಗಿ ಬಿಡುತ್ತದೆ, ಪುಟ ಮುಟ್ಟುವ ಹಾಗಿರಲಿಲ್ಲ. ಅದಕ್ಕೇ ಆ ದಿನದ ನಾಲ್ಕೈದು ಹಾಳೆಗಳನ್ನು ಬೆಳಗ್ಗೆಯೇ ಸೊಪ್ಪು ಕಟ್ಟಿದಂತೆ ಒಂದು ಕಡ್ಡಿಗೆ ಸಾಲಾಗಿ ಕಟ್ಟಿ, ಕಣ್ಣೆತ್ತಿದರೆ ಕಾಣುವಂತೆ ತೂಗುಹಾಕುತ್ತಿದ್ದೆವು.

ಕೂಲಿಗೆ ಬಂದ ಹೆಂಗಸರು ಮೊದಮೊದಲು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವಳ ಅಪ್ಪ ಬಂದು ನೋಡಿ, "ಫೇಲಾದೋಳು ಫೇಲಾದೋಳ್ಗೆ ಏನ್ಲಾ ಹೇಳ್ಕೊಟ್ಟಾಳು? ಕುರುಡ ಕುರುಡನ ಕೈ ಇಡ್ದಂಗೆ" ಅಂದರು. ಅವರಿಗೆ ಗಂಡು ಹೆಣ್ಣೆಂದಿಲ್ಲ, ಸಿಟ್ಟು ಬಂದರೆ ಎಲ್ಲರಿಗೂ ಲಾ.

"ಎಲ್ಲಿ ಎಡವಿದ್ದೀವಿ ಅಂತ ಎಡವಿದೋರ್ಗೇ ಗೊತ್ತಾಗೋದು ಮಾವ," ಅಂದೆ ನಾನು. ಈಗಲೂ ಅದೇ ಮಾತು ಹೇಳುತ್ತೇನೆ. ಪಾಸಾದವರ ಹತ್ತಿರ ಹೇಳಿಸಿಕೊಂಡು ನೋಡಿದ್ದೆವು, ಅವರಿಗೆ ನಮಗೆ ಯಾವುದು ಅರ್ಥವಾಗಿಲ್ಲ ಎಂಬುದೇ ಅರ್ಥವಾಗುತ್ತಿರಲಿಲ್ಲ.

ಅವಳು ಮಾತಿಲ್ಲದ ಹುಡುಗಿ. ಅಪ್ಪನ ಮುಂದೆ ತಲೆಯೆತ್ತಿ ಗೊತ್ತಿಲ್ಲ. ಅಂಥವಳು ಒಂದು ದಿನ ನನ್ನನ್ನು ಅವರ ಹೊಲಕ್ಕೆ ಕರೆದುಕೊಂಡು ಹೋಗಿ ಬದುವಿನ ಪಕ್ಕದ ಸಾಲಿನ ಕೊನೆಯ ಗಿಡ ತೋರಿಸಿದಳು. ಎಲ್ಲ ಗಿಡಗಳ ಕುಡಿ ಮುರಿದಾಗಿತ್ತು. ಇದೊಂದು ಮಾತ್ರ ಉಳಿದವಕ್ಕಿಂತ ಎತ್ತರ ನಿಂತು ತಲೆತುಂಬ ತಿಳಿಗೆಂಪು ಹೂ ಬಿಟ್ಟಿತ್ತು.

"ಬೇಕು ಅಂತ್ಲೇ ಬುಟ್ಟಿದ್ದೀನಿ ಕಣೇ. ಯಾರ್ಗೂ ಹೇಳ್ಬ್ಯಾಡ," ಅಂದಳು.

ನಾವಿಬ್ಬರೂ ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಹೂವನ್ನು ಕೈಯಲ್ಲಿ ಹಿಡಿದು ನೋಡಿದೆವು. ದಿನಕ್ಕೆ ಒಂದು ಹೂ ಕಿತ್ತು, ಅರ್ಧ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿದ್ದುದನ್ನು ಎಣಿಸಿ, ಪುಸ್ತಕದ ಚಿತ್ರಕ್ಕೆ ಹೋಲಿಸುತ್ತಿದ್ದೆವು. ಬದನೆ, ಟೊಮೆಟೊ, ಮೆಣಸಿನಕಾಯಿ ಎಲ್ಲ ಇದರ ದಾಯಾದಿಗಳೇ ಎಂದು ಪುಸ್ತಕ ಹೇಳುತ್ತಿತ್ತು. ಹಿತ್ತಲಿನಿಂದ ಅವುಗಳ ಹೂವನ್ನೂ ತಂದು ಸೀಳಿದೆವು. ಪುಸ್ತಕ ಸುಳ್ಳು ಹೇಳಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎತ್ತರದ ಗಿಡ ಎಷ್ಟು ದಿನ ಬಚ್ಚಿಟ್ಟುಕೊಂಡೀತು? ಅವಳ ಅಪ್ಪನ ಕಣ್ಣಿಗೆ ಬಿತ್ತು. ನಾವು, ಕೂಲಿಯವರು ಎಲ್ಲ ಹೊಲದಲ್ಲಿದ್ದೆವು.

"ಯಾವಳು ಇದ್ರ ಕುಡಿ ಮುರೀದೆ ಬುಟ್ಟಿರೋಳು?"

ಕೂಲಿಯವರು ಮುಖಮುಖ ನೋಡಿಕೊಂಡರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳು ಮುಂದೆ ಬಂದಳು.

"ನಾನೇ ಕಣಪ್ಪ. ಪರೀಕ್ಷೆಲಿ ಇದನ್ನ ತೋರ್ಸಿ ಏನು ಅಂತ ಕೇಳುದ್ರು. ಗೊತ್ತಾಗ್ಲಿಲ್ಲ. ಎಲ್ಲಾ ನಗಾಡುದ್ರು. ಒಂದು ಗಿಡದ ಎಲೆ ತೂಕ ಬರ್ದಿದ್ರೆ ಬರ್ದೇ ಹೋಗ್ಲಿ."

ಅವರು ಗಿಡಕ್ಕೆ ಕೈ ಹಾಕಿದರು. ಅವಳು ಅಡ್ಡ ನಿಂತಳು. ಏಟು ಬಿತ್ತು ಎಂದೇ ಅಂದುಕೊಂಡೆ. ಅವಳು ಒಂದು ಹೂ ಕಿತ್ತು ಉಗುರಿನಲ್ಲೇ ಸೀಳಿ ಅಪ್ಪನ ಮುಖದ ಮುಂದೆ ಹಿಡಿದಳು. "ಇಷ್ಟು ವರ್ಷ ಮುರ್ದಿದ್ದೀಯಲ್ಲ, ಒಳ್ಗೆ ಏನದೆ ಅಂತ ನೋಡಿದ್ದೀಯಾ? ದಳ ಐದೂ ಅಂಟ್ಕೊಂಡು ಒಂದೇ ಕೊಳವೆ ಆಗವೆ. ಕೇಸರ ಐದು. ಬೇಕಾದ್ರೆ ಎಣ್ಸು. ಕೆಳ್ಗೆ ಇರೋ ಈ ಗಂಟಿಗೆ ಒಳ್ಗೆ ಎರಡು ಕೋಣೆ, ಬೀಜ ಎಲ್ಲಾ ಅಲ್ಲೇ ಆಗೋದು."

ಅವರು ಎಣಿಸಿದರೋ ಇಲ್ಲವೋ ಗೊತ್ತಿಲ್ಲ, ನೋಡಿದ್ದಂತೂ ನಿಜ. ಬಾಯಲ್ಲಿದ್ದ ಎಲೆಅಡಿಕೆ ಉಗಿದು, "ಬೀಜ ಆಗೋಕ್ ಬುಡ್ಬ್ಯಾಡಿ, ಉದುರಿ ಹೊಲ ಎಲ್ಲಾ ಉಟ್ಕೊಂಡದು," ಎಂದು ಹೇಳಿ ಹೊರಟುಹೋದರು. ಅವರಿಂದ ಅದಕ್ಕಿಂತ ಹೆಚ್ಚಿನ ಒಪ್ಪಿಗೆಯನ್ನು ಆ ಮನೆಯಲ್ಲಿ ಯಾರೂ ಪಡೆದಿರಲಿಲ್ಲ.

ಅಕ್ಟೋಬರಿನ ಪ್ರಾಕ್ಟಿಕಲ್‌ನಲ್ಲಿ ಸೀಳಲು ಕೊಟ್ಟದ್ದು ದಾಸವಾಳ. ಇಬ್ಬರೂ ಮುಖ ನೋಡಿಕೊಂಡು ನಕ್ಕು, ಸೀಳಿ, ಇದ್ದದ್ದನ್ನು ಇದ್ದಂತೆ ಬರೆದೆವು. ಹೂ ನೋಡುವುದು ಗೊತ್ತಿದ್ದ ಮೇಲೆ ಯಾವ ಹೂವಾದರೇನು.

ಬರೆಯುವ ಪರೀಕ್ಷೆಯಲ್ಲಿ ನಾನು ಸಿಕ್ಕಿಬಿದ್ದೆ. ದೊಡ್ಡ ಪ್ರಶ್ನೆಗಳೆಲ್ಲ ಅವಳ ಭಾಗದಿಂದ ಬಂದಿದ್ದವು. ಹೃದಯ, ಮೂತ್ರಪಿಂಡ, ನರಮಂಡಲ. ಅವಳು ಅವನ್ನು ಚಪ್ಪರದಲ್ಲಿ ಕೂತು ನನಗೆ ಒಂದೊಂದಾಗಿ ಹೇಳಿರಲಿಲ್ಲವೆಂದಲ್ಲ. ಹೇಳಿದ್ದಳು. ಕೇಳಿಸಿಕೊಳ್ಳದೆ ಇದ್ದವಳು ನಾನು. ಅವಳ ತಡವರಿಸುವ ಇಂಗ್ಲಿಷ್ ಕೇಳಿ, ಇವಳಿಗಿಂತ ನನಗೇ ಚೆನ್ನಾಗಿ ಗೊತ್ತು ಎಂಬ ಕೊಬ್ಬು ನನಗೆ. ಅವಳು ಹೇಳುವಾಗ ಅರ್ಧಕ್ಕೆ ಬಾಯಿ ಹಾಕಿ, "ಅದು ಬುಡು, ಸಸ್ಯದ್ದು ಇನ್ನೊಂದ್ಸಲ ನೋಡಾಣ" ಎನ್ನುತ್ತಿದ್ದೆ. ಅವಳು ಬಿಟ್ಟುಕೊಡುತ್ತಿದ್ದಳು. ಪರೀಕ್ಷಕರ ನಗೆಗೆ ಅಷ್ಟು ಉರಿದುಬಿದ್ದ ನಾನು ಅವಳಿಗೆ ಮಾಡಿದ್ದು ಅದನ್ನೇ.

ಕಾಲೇಜಿನ ಗೋಡೆಗೆ ಹಚ್ಚಿದ ಹಾಳೆಯಲ್ಲಿ ಅವಳ ನಂಬರ್ ಇತ್ತು. ನನ್ನದಿರಲಿಲ್ಲ.

ಅವಳು ಬಸ್ಸಿನಲ್ಲಿ ಉದ್ದಕ್ಕೂ ಅತ್ತಳು, ನಾನು ಅಳಲಿಲ್ಲ. ಮನೆಗೆ ಬಂದು ಅಪ್ಪನಿಗೆ ನಾನೇ ಹೇಳಿದೆ. ಅಪ್ಪ ಬೈಯಲಿಲ್ಲ. "ಆಡಿದ್ ಮಾತು ಆಡಿದ್ದೇ ಕಣವ್ವ. ಸಾಕು ಬುಡು ಇನ್ನ," ಅಂದರು. ಬೇಡಿಕೊಳ್ಳುವುದು ನನ್ನ ಜಾಯಮಾನವಲ್ಲ. ಒಳಗೆ ಹೋಗಿ ಕೂತೆ.

ಅಷ್ಟರಲ್ಲಿ ಅವಳು ಓಣಿ ದಾಟಿ ಬಂದಳು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು ನನ್ನ ಅಪ್ಪನನ್ನು ಮಾತಾಡಿಸಿದ್ದು ನನಗೆ ಒಳಗೆ ಕೇಳಿಸಿತು.

"ಮಾವ, ಇವ್ಳು ಇಷ್ಟು ದಿನ ನನ್ ಪಾಲ್ಗೆ ಮುಯ್ಯಾಳಾಗಿ ಬಂದವ್ಳೆ. ಇವಳ ಕೆಲ್ಸ ನಂಗೆ ಪೂರ್ತಿ ಸಿಕ್ತು, ನಾನು ಪಾಸಾದೆ. ನನ್ ಕೆಲ್ಸ ಇವ್ಳಿಗೆ ಅರ್ಧಾನೂ ಸಿಕ್ಕಿಲ್ಲ. ಮುಯ್ಯಿ ತೀರ್ಸೋಕ್ ಮುಂಚೆ ಹೊಲ ಮುಚ್ಚುದ್ರೆ ಹೆಂಗೆ ಮಾವ? ನಿಮ್ ಹೊಲ್ದಲ್ಲಿ ನಾಟಿ ಮಾಡಿ ಹೋದೋರ್ ಹೊಲಕ್ಕೆ ನೀವು ಹೋಗ್ದೇ ಇದ್ದೀರಾ ಯಾವತ್ತಾದ್ರೂ?"

ಅಪ್ಪ ಪ್ರತಿ ವರ್ಷ ಸಸಿ ನೆಡಲು ಹತ್ತು ಮನೆಯವರನ್ನು ಮುಯ್ಯಿಗೆ ಕರೆಯುತ್ತಿದ್ದವರು, ಜ್ವರವಿದ್ದರೂ ಎದ್ದು ಹೋಗಿ ಆ ಹತ್ತೂ ಮನೆಗೆ ದುಡಿದು ಬರುತ್ತಿದ್ದವರು. "ಮಾರ್ಚ್ ಗಂಟ. ಅಷ್ಟೇಯ," ಅಂದರು.

ಅವಳು ಒಳಗೆ ಬಂದು ನನ್ನ ಮುಂದೆ ಕೂತಳು. ಹರಿದ ಪುಸ್ತಕದ ತನ್ನ ಭಾಗವನ್ನು ತೊಡೆಯ ಮೇಲೆ ಬಿಡಿಸಿದಳು.

"ಈಗ ನಾನು ಹೇಳ್ತೀನಿ. ನೀನು ನಡುವೆ ಬಾಯಿ ಆಕ್ಬಾರ್ದು."

ನಾನು ಬಾಯಿ ಹಾಕಲಿಲ್ಲ. ಅವಳು ಮೂತ್ರಪಿಂಡದಿಂದ ಶುರುಮಾಡಿದಳು, ತಡವರಿಸುತ್ತಲೇ, ನಾನು ಕೇಳಿಸಿಕೊಂಡೆ.